ಅರೆಮನಸ್ಸಿನ ಮೆಚ್ಚುಗೆ

ಈಚೆಗೆ ನೋಡಿದ, ಅವುಗಳಲ್ಲಿ ಕೆಲವನ್ನು ಎರಡನೆಯ ಸಲ ನೋಡಿದ ನಾಲ್ಕು ಕನ್ನಡ ಚಿತ್ರಗಳ ಬಗ್ಗೆ ಬರೆಯಲು ಕುಳಿತಾಗ, ಒಂದನ್ನೂ ‘ಚೆನ್ನಾಗಿದೆ’ ಅಥವಾ ‘ಚೆನ್ನಾಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಲು ನನ್ನಿಂದಾಗದು ಎಂಬುದು ಸ್ಪಷ್ಟವಾಯಿತು. ಬುದ್ಧಿ ತಕರಾರಿಲ್ಲದೆ ಒಪ್ಪಿದ ಚಿತ್ರವೊಂದು ವಾರ ಕಳೆಯುವುದರೊಳಗೆ ಮಸುಕಾಯಿತು. ಬುದ್ಧಿ ಇಂದಿಗೂ ಜಗಳವಾಡುತ್ತಿರುವ ಚಿತ್ರ ಮಾತ್ರ ಬೆಳಗಿನ ವಾಕಿಂಗಿನಲ್ಲೂ ಜೊತೆಗೆ ಬರುತ್ತಿದೆ. ವಿಮರ್ಶಕನ ಗಾಂಭೀರ್ಯ ನನಗಿಲ್ಲ, ಅದರ ಹಂಗೂ ಇಲ್ಲದಿರುವುದರಿಂದ ಈ ಗೊಂದಲವನ್ನು ಇದ್ದಂತೆಯೇ ಬರೆಯುತ್ತೇನೆ.

ಜಗಳ ಹೆಚ್ಚು ನಡೆದದ್ದು ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಜೊತೆಗೆ. ಅದರ ಮೊದಲ ಭಾಗ ‘ಸೈಡ್ ಎ’ 2023ರ ಸೆಪ್ಟೆಂಬರ್ 1ರಂದು, ಎರಡನೆಯ ಭಾಗ ‘ಸೈಡ್ ಬಿ’ ಅದೇ ವರ್ಷದ ನವೆಂಬರ್ 17ರಂದು ತೆರೆಕಂಡಿದ್ದವು. ಆಗ ನಾನು ಮೊದಲನೆಯದನ್ನು ಮಾತ್ರ ನೋಡಿ, ಎರಡನೆಯದಕ್ಕೆ ಧೈರ್ಯ ಸಾಲದೆ ಬಿಟ್ಟಿದ್ದೆ. ಈಗ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ, ರಜೆಗೆ ಬಂದಿದ್ದ ಅಕ್ಕನ ಮಗಳ ಒತ್ತಾಯಕ್ಕೆ, ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿದ್ದಾಯಿತು. ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲಿನಿಂದ ಹೆಸರು ಪಡೆದ ಈ ಚಿತ್ರದಲ್ಲಿ ಮನು ಎಂಬ ಚಾಲಕ ಮತ್ತು ಪ್ರಿಯಾ ಎಂಬ ಹಾಡುವ ಹುಡುಗಿ ಮದುವೆಯಾಗಿ ಒಂದು ಮನೆ ಮಾಡಿಕೊಳ್ಳುವ ಕನಸಿನಲ್ಲಿರುತ್ತಾರೆ. ಯಜಮಾನನ ಮನೆಯವರು ಮಾಡಿದ ಅಪಘಾತದ ಅಪರಾಧವನ್ನು ಹಣದ ಆಸೆಗೆ ತನ್ನ ಮೇಲೆ ಹಾಕಿಕೊಳ್ಳುವ ಮನು, ಬೇಗ ಬಿಡಿಸುತ್ತೇವೆಂಬ ಮಾತು ನಂಬಿ ಜೈಲು ಸೇರಿ, ಅಲ್ಲಿಯೇ ಉಳಿದುಬಿಡುತ್ತಾನೆ.

‘ಸೈಡ್ ಎ’ ನನ್ನನ್ನು ಹಿಡಿದದ್ದು ಪ್ರಿಯಾಳಾಗಿ ಅಭಿನಯಿಸಿದ ರುಕ್ಮಿಣಿ ವಸಂತ್ ಅವರ ಮುಖದಿಂದ. ಜೈಲಿನ ಭೇಟಿಯ ದೃಶ್ಯಗಳಲ್ಲಿ ಅವಳು ಮೊದಮೊದಲು ನಗುತ್ತ, ಧೈರ್ಯ ಹೇಳುತ್ತ ಬರುತ್ತಾಳೆ. ಪ್ರತಿ ಸಲವೂ ಆ ನಗು ಸ್ವಲ್ಪ ತಡವಾಗಿ ಬರತೊಡಗುತ್ತದೆ, ಕೊನೆಕೊನೆಗೆ ಬರಲು ಪ್ರಯತ್ನಪಟ್ಟು ಅರ್ಧಕ್ಕೇ ನಿಲ್ಲುತ್ತದೆ. ಸಂಭಾಷಣೆಯಲ್ಲಿ ಎಲ್ಲೂ ಹೇಳದ ಈ ಇಳಿಕೆಯನ್ನು ನಟಿಯೊಬ್ಬರು ಹೀಗೆ ಅಳತೆಯಿಟ್ಟು ತೋರಿಸಿದ್ದನ್ನು ನಾನು ಈಚಿನ ವರ್ಷಗಳಲ್ಲಿ ನೋಡಿದ ನೆನಪಿಲ್ಲ. ಆದರೆ ಅದೇ ಚಿತ್ರ, ಜೈಲಿನ ಹೊಡೆದಾಟಗಳಿಗೆ ಬಂದಾಗ, ಇಷ್ಟು ಸೂಕ್ಷ್ಮವಾಗಿ ಕತೆ ಹೇಳಬಲ್ಲೆನೆಂಬುದನ್ನೇ ಮರೆತು ರಕ್ತವನ್ನು ಮತ್ತೆ ಮತ್ತೆ ತೋರಿಸುತ್ತದೆ. ಜೈಲಿನಲ್ಲಿ ಕ್ರೌರ್ಯವಿದೆಯೆಂಬುದು ಮೊದಲ ಏಟಿಗೇ ನನಗೆ ಅರ್ಥವಾಗಿತ್ತು. ಐದನೆಯ ಏಟಿನ ಹೊತ್ತಿಗೆ ನಾನು ಮನುವಿನ ನೋವನ್ನು ಬಿಟ್ಟು ಗಡಿಯಾರ ನೋಡುತ್ತಿದ್ದೆ.

‘ಸೈಡ್ ಬಿ’ ಇನ್ನೂ ಕಷ್ಟದ್ದು. ಮೊದಲ ಭಾಗವನ್ನು ಆವರಿಸಿದ್ದ ನೀಲಿ ಇಲ್ಲಿ ಕೆಂಪಾಗಿ ತಿರುಗುತ್ತದೆ. ಹತ್ತು ವರ್ಷಗಳ ನಂತರ ಹೊರಬರುವ ಮನು, ಬೇರೊಬ್ಬರನ್ನು ಮದುವೆಯಾಗಿರುವ ಪ್ರಿಯಾಳನ್ನು ಅವಳಿಗೆ ಗೊತ್ತಾಗದ ಹಾಗೆ ಹಿಂಬಾಲಿಸುತ್ತಾನೆ, ಅವಳ ಸಂಸಾರದ ಕಷ್ಟವನ್ನು ಮರೆಯಲ್ಲಿ ನಿಂತು ಸರಿಮಾಡಲು ಹೊರಡುತ್ತಾನೆ. ಇಲ್ಲಿ ನಮ್ಮ ಮನೆಯಲ್ಲಿ ಚಿತ್ರ ನಿಲ್ಲಿಸಿ ವಾಗ್ವಾದವೇ ನಡೆಯಿತು. “ಮಾವ, ಅವನು ಅವಳ ಬೆನ್ನು ಹತ್ತಿದಾನೆ ಅಷ್ಟೆ. ಮ್ಯೂಸಿಕ್ ತೆಗೆದುಬಿಟ್ಟು ನೋಡಿ, ಪೊಲೀಸ್ ಕಂಪ್ಲೇಂಟ್ ಕೊಡೋ ಕೇಸಿದು,” ಎಂದಳು ಹುಡುಗಿ. “ಹತ್ತು ವರ್ಷ ಒಳಗಿದ್ದು ಬಂದವನಿಗೆ ಬೇರೇನು ಗೊತ್ತಿರುತ್ತೆ ಪುಟ್ಟಿ, ಅವನ ಪಾಲಿಗೆ ಆ ದಿನ ಇನ್ನೂ ಮುಗಿದೇ ಇಲ್ಲ,” ಎಂದಳು ನನ್ನ ಹೆಂಡತಿ. ನಾನು ಇಬ್ಬರ ಮಾತಿಗೂ ತಲೆದೂಗಿ ಇಬ್ಬರಿಂದಲೂ ಬೈಸಿಕೊಂಡೆ.

ಈಗ ಯೋಚಿಸಿದರೆ, ಹುಡುಗಿಯ ಮಾತಿನಲ್ಲಿ ಹೆಚ್ಚು ಹುರುಳಿದೆ ಎನ್ನಿಸುತ್ತದೆ. ಚರಣ್ ರಾಜ್ ಅವರ ಸಂಗೀತ ಎಷ್ಟು ಮೋಹಕವೆಂದರೆ, ಮನು ಮಾಡುವ ಪ್ರತಿಯೊಂದು ಕೆಲಸವೂ ಅದರ ಹೊದಿಕೆಯೊಳಗೆ ಪುಣ್ಯದ ಕೆಲಸದಂತೆ ಕಾಣುತ್ತದೆ. ಆದರೂ ಚಿತ್ರವನ್ನು ಪೂರ್ತಿ ತಳ್ಳಿಹಾಕದಂತೆ ನನ್ನನ್ನು ತಡೆಯುವುದು ಸುರಭಿಯ ಪಾತ್ರ. ಚೈತ್ರಾ ಆಚಾರ್ ಅಭಿನಯಿಸಿದ ಆ ಹೆಣ್ಣಿನ ಮುಂದೆ ಮನುವಿನ ಪ್ರೇಮದ ಸ್ವಾರ್ಥ ಬಯಲಾಗುತ್ತದೆ; ಇನ್ನೊಬ್ಬಳ ನೆರಳಾಗಿ ಮಾತ್ರ ತನ್ನನ್ನು ನೋಡುತ್ತಿರುವ ಗಂಡಸನ್ನು ಅವಳು ನೋಡುವ ನೋಟದಲ್ಲಿ, ನಮ್ಮ ಹುಡುಗಿ ಎತ್ತಿದ ಪ್ರಶ್ನೆ ನಿರ್ದೇಶಕರಿಗೂ ಹೊಳೆದಿತ್ತೆಂಬುದಕ್ಕೆ ಸಾಕ್ಷಿಯಿದೆ. ಆ ಎಳೆಯನ್ನು ಹಿಡಿದೇ ಚಿತ್ರ ಮುಂದೆ ಹೋಗಿದ್ದರೆ ಎಂಬ ಆಸೆ ನನ್ನದು. ಅದು ಹಾಗೆ ಹೋಗದೆ ಮತ್ತೆ ಸೇಡಿನ ಕಡೆಗೆ ಹೊರಳಿತು.

‘ಸು ಫ್ರಮ್ ಸೋ’ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಜಾಗದಿಂದ ಜಾಗಕ್ಕೆ. ಜೆ. ಪಿ. ತುಮಿನಾಡು ನಿರ್ದೇಶಿಸಿದ, 2025ರ ಜುಲೈ 25ರಂದು ಬಿಡುಗಡೆಯಾದ ಈ ಚಿತ್ರ ದೊಡ್ಡ ತಾರೆಯರ ಅಬ್ಬರವಿಲ್ಲದೆ, ಬಾಯಿಂದ ಬಾಯಿಗೆ ಹರಡಿದ ಮಾತಿನಿಂದಲೇ ಚಿತ್ರಮಂದಿರಗಳನ್ನು ತುಂಬಿಸಿತು. ನಾರಾಯಣಶಾಸ್ತ್ರಿ ರಸ್ತೆಯ ಶಾಂತಲಾ ಚಿತ್ರಮಂದಿರ 2020ರಲ್ಲಿ ಮುಚ್ಚಿಹೋದ ಮೇಲೆ ಮಾಲ್‌ಗಳಿಗೆ ಒಗ್ಗಿಕೊಂಡಿರುವ ನಾನು ಇದನ್ನೂ ಅಲ್ಲಿಯೇ ನೋಡಿದೆ. ಮಾಲ್‌ನ ಪ್ರೇಕ್ಷಕರು ಸಾಮಾನ್ಯವಾಗಿ ಪಾಪ್‌ಕಾರ್ನಿನ ಸದ್ದಿಗಿಂತ ಹೆಚ್ಚು ಸದ್ದು ಮಾಡುವವರಲ್ಲ. ಆ ದಿನ ಮಾತ್ರ ತೆರೆಯ ಮುಂದಿನ ಅಗ್ಗದ ಸೀಟುಗಳ ಹಳೆಯ ಗಾಂಧಿ ಕ್ಲಾಸಿನಲ್ಲಿ ಕೂತ ಹಾಗಿತ್ತು. ಪರರ ಮನೆಯ ಬಚ್ಚಲಿನಲ್ಲಿದ್ದ ಹುಡುಗಿಯನ್ನು ಕದ್ದು ನೋಡಲು ಹೋಗಿ ಸಿಕ್ಕಿಬಿದ್ದ ಅಶೋಕ ಎಂಬ ಹುಡುಗ, ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುವುದು, ಆ ದೆವ್ವ ಸೋಮೇಶ್ವರದ ಸುಲೋಚನಾ ಎಂದು ಊರೇ ನಂಬುವುದು, ಆಮೇಲೆ ನಿಜ ಹೇಳಲೂ ಆಗದೆ ಆಟ ನಿಲ್ಲಿಸಲೂ ಆಗದೆ ಅವನು ಒದ್ದಾಡುವುದು. ಕರಾವಳಿಯ ಕನ್ನಡದ ಆ ಎಳೆತ, ಆ ಓಟ ಅರ್ಧಂಬರ್ಧ ಅರ್ಥವಾಗುವ ನಮ್ಮ ಮೈಸೂರಿನ ಜನ, ಪಕ್ಕದವರು ನಕ್ಕರೆಂದು ತಾವೂ ನಕ್ಕು, ಆಮೇಲೆ ಏನೆಂದರೆಂದು ಕೇಳಿ ಇನ್ನೊಮ್ಮೆ ನಗುತ್ತಿದ್ದರು. ಶನೀಲ್ ಗೌತಮ್ ಅವರ ರವಿಯಣ್ಣನಂತೂ ಎಲ್ಲ ಊರಿನಲ್ಲೂ ಇರುವವನು. ಮದುವೆಯಿರಲಿ, ಸಾವಿರಲಿ, ಯಾರೂ ಕರೆಯದಿದ್ದರೂ ಮುಂದಾಳತ್ವ ವಹಿಸಿಕೊಂಡು ಬೈಯುತ್ತಲೇ ಕೆಲಸ ಮುಗಿಸಿಕೊಡುವವನು.

ಮೊನ್ನೆ ಮನೆಯಲ್ಲಿ ಟಿವಿಯಲ್ಲಿ ಎರಡನೆಯ ಸಲ ನೋಡಿದಾಗ, ಅವೇ ದೃಶ್ಯಗಳಿಗೆ ನಾನು ಮುಗುಳ್ನಕ್ಕೆನೇ ಹೊರತು ಬಿದ್ದು ಬಿದ್ದು ನಗಲಿಲ್ಲ. ಗುಂಪಿನ ನಗು ಇಲ್ಲದಾಗ, ಕತೆಯ ಆರಂಭದಲ್ಲಿರುವ ಕದ್ದುನೋಟ ಎಷ್ಟು ಸಲೀಸಾಗಿ ಹಾಸ್ಯವಾಗಿ ಜಾರಿಹೋಗುತ್ತದೆಂಬುದು ಕಣ್ಣಿಗೆ ಬಿತ್ತು. ದ್ವಿತೀಯಾರ್ಧದಲ್ಲಿ ಸುಲೋಚನಾಳ ಮಗಳು ಭಾನುವಿನ ಸಂಕಟದ ಕಡೆಗೆ ಚಿತ್ರ ತಿರುಗಿ, ಊರಿನ ಗಂಡಸರನ್ನು ಅವಳ ಪರವಾಗಿ ನಿಲ್ಲಿಸುವುದು ಒಳ್ಳೆಯ ತಿರುವು; ಆದರೆ ಹೆಣ್ಣಿನ ಮಾನದ ಬಗ್ಗೆ ಅಷ್ಟು ಕಾಳಜಿ ತೋರುವ ಚಿತ್ರ ಬಚ್ಚಲಿನ ಆ ಹುಡುಗಿಯನ್ನು ಮರಳಿ ನೆನೆಯಬೇಕಿತ್ತು. ಇಷ್ಟಾಗಿಯೂ, ಯಾರಾದರೂ ಮತ್ತೆ ಥಿಯೇಟರಿಗೆ ಕರೆದರೆ ನಾನು ಹೋಗುವ ಮೊದಲ ಚಿತ್ರ ಇದೇ.

ಬುದ್ಧಿ ಒಪ್ಪಿದ ಚಿತ್ರವೆಂದು ಆರಂಭದಲ್ಲಿ ಹೇಳಿದ್ದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಚಿತ್ರವನ್ನು ಕುರಿತು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, 2024ರ ಜೂನ್‌ನಲ್ಲಿ ಬಿಡುಗಡೆಯಾದ ಇದನ್ನು ನಾನು ಸರಸ್ವತಿಪುರದ ಗೆಳೆಯರೊಬ್ಬರ ಮನೆಯ ಹಾಲ್‌ನಲ್ಲಿ ನೋಡಿದೆ. ಕೊಪ್ಪಳದ ಕಡೆಯ ಯರೇಹಂಚಿನಾಳದಲ್ಲಿ ಶಾಲೆಯ ಬಿಸಿಯೂಟ ಮಾಡುವ ಹೆಂಗಸು, ಶಕ್ತಿ ಕೊಡುತ್ತದೆಂಬ ಪುಡಿಯನ್ನು ಮಾರುವ ಸರಪಳಿ ವ್ಯಾಪಾರಕ್ಕೆ ಬಿದ್ದು, ಮಗಳ ಮದುವೆಗೆ ಬೇಕಾದ ಹಣವನ್ನೂ ಅದಕ್ಕೆ ಸುರಿಯುತ್ತಾಳೆ. ಶರಣಮ್ಮ ಚೆಟ್ಟಿ ಅವರು ಆ ಹಟವನ್ನು ನಟನೆಯೆಂದು ತೋರದ ಹಾಗೆ ಮಾಡಿದ್ದಾರೆ. ನಮ್ಮ ಬಡಾವಣೆಯಲ್ಲೂ ಇಂಥದೇ ಪುಡಿಯ ಡಬ್ಬಿ ಹಿಡಿದು ‘ಸುಮ್ಮನೆ ಒಂದು ಮೀಟಿಂಗಿಗೆ ಬನ್ನಿ ಸರ್’ ಎಂದು ಬಾಗಿಲು ತಟ್ಟುವವರಿರುವುದರಿಂದ, ಅವಳ ಮಾತಿನ ಒಂದೊಂದು ವರಸೆಯೂ ನನಗೆ ಪರಿಚಿತ. ಚಿತ್ರದಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ಆದರೆ ಅದು ಶಿವಮ್ಮನನ್ನು ಉದ್ದಕ್ಕೂ ಒಂದು ಹೆಜ್ಜೆ ದೂರದಿಂದಲೇ ನೋಡಿತು, ನನ್ನನ್ನೂ ಆ ದೂರದಲ್ಲೇ ನಿಲ್ಲಿಸಿತು. ಮನೆಗೆ ಬಂದು ಊಟಕ್ಕೆ ಕೂತಾಗ ನಾವು ಬೇರೆ ಏನನ್ನೋ ಮಾತಾಡುತ್ತಿದ್ದೆವು.

ಇನ್ನು ‘ತಿಥಿ’. ಇದನ್ನು ನಾನು ಹೊಸ ಚಿತ್ರವೆಂದು ನೋಡಲಿಲ್ಲ. 2016ರಲ್ಲಿ ಬಿಡುಗಡೆಯಾದಾಗಲೇ ನೋಡಿ ಹೊಟ್ಟೆ ತುಂಬ ನಕ್ಕಿದ್ದೆ. ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡ ಬರೆದ ಈ ಚಿತ್ರ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಸೀಮೆಯ ಜನರನ್ನೇ ಪಾತ್ರಗಳಾಗಿಸಿ ತಯಾರಾದದ್ದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದದ್ದು, ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿದ್ದು ಎಲ್ಲರಿಗೂ ತಿಳಿದದ್ದೇ. ಸೆಂಚುರಿ ಗೌಡನೆಂದೇ ಹೆಸರಾದ ನೂರೊಂದು ವರ್ಷದ ಮುದುಕ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈದು, ಎದ್ದು ಹೋಗಿ ಸತ್ತು ಬೀಳುತ್ತಾನೆ. ಮಗ ಗಡ್ಡಪ್ಪನಿಗೆ ಬೀಡಿ, ಬ್ರಾಂದಿ ಮತ್ತು ತಿರುಗಾಟ ಬಿಟ್ಟರೆ ಬೇರೇನೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಮರಿಮಗ ಅಭಿಯ ಕಣ್ಣು ಕುರಿಗಾಹಿಗಳ ಹುಡುಗಿ ಕಾವೇರಿಯ ಮೇಲೆ.

ವಾಣಿಜ್ಯ ಚಿತ್ರಗಳಲ್ಲಿ ನಮ್ಮ ಮಂಡ್ಯದವನೆಂದರೆ ಒಂದೋ ಮೀಸೆ ತಿರುವಿ ಮಚ್ಚು ಬೀಸುವವನು, ಇಲ್ಲವೇ ನಾಯಕನ ಪಕ್ಕದಲ್ಲಿ ನಿಂತು ನಗಿಸುವವನು. ‘ತಿಥಿ’ಯಲ್ಲಿ ಅದೇ ಮಾತು ಸಾಲಕ್ಕೆ, ಸುಳ್ಳಿಗೆ, ಚೌಕಾಸಿಗೆ, ದುಃಖಕ್ಕೆ, ಎಲ್ಲಕ್ಕೂ ಬಳಕೆಯಾಗುತ್ತದೆ. ಹಿನ್ನೆಲೆ ಸಂಗೀತದ ಒತ್ತಾಯವಿಲ್ಲದ ಕಾರಣ ಅದು ಅಡ್ಡಿಯಿಲ್ಲದೆ ಕೇಳುತ್ತದೆ. ಈ ಸಲ ಇದನ್ನು ನಾನು ಪಾಂಡವಪುರದ ಕಡೆ ಇರುವ ನನ್ನ ಸೋದರಮಾವನ ಮನೆಯಲ್ಲಿ, ಅವರ ಪಕ್ಕ ಕೂತು ನೋಡಿದೆ. ಅರ್ಧ ಗಂಟೆಯವರೆಗೆ ಅವರಿಗೆ ಅದರಲ್ಲಿ ಸಿನಿಮಾ ಕಾಣಲೇ ಇಲ್ಲ. “ಏನ್ಲಾ ಇದು, ನಮ್ಮೂರ್ ಜಗ್ಲಿ ಮ್ಯಾಲೆ ಕುಂತಂಗೇ ಅದೆ. ಇದ್ನ ನೋಡಕೆ ಪ್ಯಾಟೆಯೋರು ದುಡ್ ಕೊಟ್ರಾ?” ಎಂದು ಎಲೆ ಅಡಿಕೆ ಹಾಕಿಕೊಂಡರು. ತಾತನ ಹೆಸರಿನಲ್ಲಿರುವ ಜಮೀನು ತನ್ನ ಕೈಗೆ ಬರಲು, ಬದುಕಿರುವ ಅಪ್ಪನಿಗೆ ತಮ್ಮಣ್ಣ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುವ ಭಾಗ ಬಂದಾಗ ಮಾತ್ರ ನೆಟ್ಟಗೆ ಕೂತರು. “ಅಸಲಿ ಪತ್ರುಕ್ಕೇ ನನ್ನ ಅಲೆಸಿ ಅಲೆಸಿ ಸಾಯ್ಸ್‌ಬುಟ್ರು, ಈ ನನ್ಮಗ ನಕಲೀನ ಹಿಂಗೋಗಿ ಹಂಗ್ ಮಾಡ್ಸ್ಕಂಡ್ ಬಂದ್ನಾ!” ಅಜ್ಜ ತೀರಿಕೊಂಡು ಎಷ್ಟೋ ಕಾಲದ ಮೇಲೆ ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಹೋಗಿ, ವಂಶವೃಕ್ಷ ತನ್ನಿ, ಅಣ್ಣತಮ್ಮಂದಿರ ಸಹಿ ತನ್ನಿ ಎಂದು ತಿರುಗಿದವರ ಮಾತು ಅದು. ನಾನು ಹಾಸ್ಯವೆಂದು ನಕ್ಕಿದ್ದ ದೃಶ್ಯವನ್ನು ಅವರು ಲೆಕ್ಕ ತಪ್ಪಿದ ವರದಿಯೆಂದು ನೋಡಿದರು.

ಅದರಿಂದಾಗಿ ಈ ಸಲ ನನ್ನ ಗಮನವೂ ನಗೆಯ ಕೆಳಗಿರುವುದರ ಕಡೆಗೆ ಹೋಯಿತು. ಬೇರೆಯವರ ಹಣಕ್ಕೆ ಕೈಯೊಡ್ಡುವ ತಮ್ಮಣ್ಣ ಬರೀ ದುರಾಸೆಯ ಮನುಷ್ಯನಲ್ಲ. ಅಪ್ಪನೂ ಮಗನೂ ಕೈಕೊಟ್ಟ ಮನೆಯಲ್ಲಿ ತಿಥಿಯ ಬಾಡೂಟದ ಖರ್ಚಿನಿಂದ ಹಿಡಿದು ಎಲ್ಲವೂ ಬಂದು ಬೀಳುವುದು ಅವನ ತಲೆಯ ಮೇಲೆ. ಮೊದಲ ಸಲ ಗಡ್ಡಪ್ಪನ ನಿರ್ಲಿಪ್ತತೆಗೆ ಮಾರುಹೋಗಿದ್ದ ನಾನು, ಈಗ ಅಂಥ ನಿರ್ಲಿಪ್ತತೆಯ ಬೆಲೆಯನ್ನು ಮನೆಯ ಉಳಿದವರು ತೆರುತ್ತಾರೆಂಬುದನ್ನು ನೋಡುತ್ತಿದ್ದೆ. ಹಾಗೆಂದುಕೊಳ್ಳುವ ಹೊತ್ತಿಗೆ ಗಡ್ಡಪ್ಪ ಕುರಿಗಾಹಿಗಳ ನಡುವೆ ಕೂತು ತನ್ನ ಹಿಂದಿನ ಬದುಕನ್ನು ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಾನೆ, ನನ್ನ ತೀರ್ಪು ಮತ್ತೆ ಅಲುಗಾಡುತ್ತದೆ. ಹತ್ತು ವರ್ಷದ ಅಂತರದಲ್ಲಿ ಒಬ್ಬನೇ ನೋಡುಗನನ್ನು ಒಂದು ಪಾತ್ರದಿಂದ ಇನ್ನೊಂದು ಪಾತ್ರದ ಪಕ್ಕಕ್ಕೆ ಎಳೆದೊಯ್ಯುವ ಚಿತ್ರಗಳು ಹೆಚ್ಚಿಲ್ಲ.

ಒಪ್ಪಲಾಗದ್ದು ಅಭಿ ಮತ್ತು ಕಾವೇರಿಯ ಎಳೆ. ಬೇಡವೆಂದವಳ ಹಿಂದೆ ಬಿಡದೆ ಸುತ್ತುವ ಹುಡುಗನನ್ನು ಚಿತ್ರ ವಯಸ್ಸಿನ ಚೇಷ್ಟೆಯೆಂಬಂತೆ ನೋಡುತ್ತದೆ. ಮೂರು ತಲೆಮಾರಿನ ಗಂಡಸರ ಒಳಗನ್ನು ಅಷ್ಟು ತಾಳ್ಮೆಯಿಂದ ಬಿಡಿಸಿದ ಬರವಣಿಗೆ, ಕಾವೇರಿಗೆ ಏನನ್ನಿಸಿತೆಂದು ಕೇಳುವ ಗೋಜಿಗೆ ಹೋಗುವುದಿಲ್ಲ. 2016ರಲ್ಲಿ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗ ಬಿದ್ದದ್ದಕ್ಕೆ ಅಕ್ಕನ ಮಗಳ ಜೊತೆಗಿನ ವಾಗ್ವಾದವೂ ಕಾರಣವಿರಬೇಕು. ಆದರೂ ಮಂಡ್ಯದ ಕಡೆಯ ಬದುಕನ್ನು ತೋರಿಸುವ ಒಂದು ಚಿತ್ರ ಹೇಳಿ ಎಂದು ಹೊರಗಿನವರು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ, ಕಾವೇರಿಯ ಬಗೆಗಿನ ಈ ತಕರಾರನ್ನೂ ಸೇರಿಸಿಯೇ.