ಒಂಬತ್ತನೇ ಕ್ಲಾಸಿನ ಖಾಲಿ ಕಾಲಂ

2023ರ ಡಿಸೆಂಬರ್ 2, ಶನಿವಾರ. ಇಟಲಿಯ ದುಯಿನೊದಲ್ಲಿ ಬೆಳಗಿನ ಜಾವ ನಾಲ್ಕೂವರೆ. ಹೊರಗೆ ಬೋರಾ ಅನ್ನುವ ಅಲ್ಲಿಯ ಚಳಿಗಾಳಿ ಕಿಟಕಿ ಬಡಿಯುತ್ತಿತ್ತು. ರೂಮ್‌ಮೇಟ್‌ಗೆ ಎಚ್ಚರವಾಗಬಾರದು ಅಂತ ಬಟ್ಟೆ ಒಗೆಯುವ ಕೋಣೆಗೆ ಹೋಗಿ, ವಾಷಿಂಗ್ ಮಷೀನ್ ಪಕ್ಕ ನೆಲದ ಮೇಲೆ ಕೂತೆ. ಶಿರಸಿ ಕಡೆ ಆಗ ಒಂಬತ್ತು ಗಂಟೆ, ಬೆಳಗಿನ ಶಾಲೆ. ಅಪ್ಪ ನಮ್ಮೂರ ಸರ್ಕಾರಿ ಹೈಸ್ಕೂಲಿನ ಆಫೀಸಿನಲ್ಲಿ ಫೋನ್ ಹಿಡಿದು ನಿಂತಿದ್ದ. ಮೊದಲು ಫ್ಯಾನು ಕಂಡಿತು. ಆಮೇಲೆ ಅಂಕವಹಿಯ ಉದ್ದ ಹಾಳೆ.

"ತಂಗೀ, ಇದೇ ನೋಡು ನಿನ್ನ ಸಾಲು" ಅಂದರು ಹೆಡ್ಮಾಸ್ತರು.

2020-21, ಒಂಬತ್ತನೇ ಕ್ಲಾಸು. ನನ್ನ ಹೆಸರಿನ ಮುಂದೆ ಅಲ್ಲೊಂದು ಇಲ್ಲೊಂದು ಅಂಕ. ವಾರ್ಷಿಕ ಪರೀಕ್ಷೆಯ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ನನ್ನೊಬ್ಬಳದ್ದಲ್ಲ, ಹಾಳೆಯ ತುದಿಯವರೆಗೂ ಎಲ್ಲರದ್ದೂ ಅದೇ ಗೆರೆ.

ಆ ಹಾಳೆ ಯಾಕೆ ಬೇಕಾಯಿತು ಅಂತ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನನಗೆ ಯುನೈಟೆಡ್ ವರ್ಲ್ಡ್ ಕಾಲೇಜ್ ಅನ್ನುವ, ನಾನಾ ದೇಶದ ಮಕ್ಕಳು ಒಟ್ಟಿಗೆ ಓದುವ ವಸತಿ ಕಾಲೇಜಿನ ಸ್ಕಾಲರ್‌ಶಿಪ್ ಸಿಕ್ಕಿತು. ಅರ್ಜಿ ಹಾಕು ಅಂತ ಬೆನ್ನು ಹತ್ತಿದವರು ನಮ್ಮ ಇಂಗ್ಲಿಷ್ ಅಕ್ಕೋರು. ದುಯಿನೊದಲ್ಲಿ ಎರಡು ವರ್ಷದ ಐಬಿ ಓದು, ಅಂದರೆ ನಮ್ಮ ಪಿಯುಸಿಗೆ ಸಮನಾದ ಅಂತರರಾಷ್ಟ್ರೀಯ ಕೋರ್ಸು. ಆರು ವಿಷಯ, ಪ್ರತಿಯೊಂದಕ್ಕೂ 7 ಅಂಕ, ಮೇಲೆ ಒಂದು ದೀರ್ಘ ಪ್ರಬಂಧ ಮುಂತಾದ್ದಕ್ಕೆ 3, ಒಟ್ಟು 45. ಮೊದಲ ಟರ್ಮ್‌ನಲ್ಲಿ ಫಿಸಿಕ್ಸ್‌ಗೆ 4 ಬಂತು. ಅಪ್ಪ ಅಲ್ಲೇ ಲೆಕ್ಕ ಹಾಕಿದ. "ಅಂದ್ರೆ ನೂರಕ್ಕೆ ಐವತ್ತೇಳಾ?" ಹಾಗಲ್ಲ ಅಪ್ಪ, ಇಲ್ಲಿ ಲೆಕ್ಕವೇ ಬೇರೆ ಅಂದರೂ ಅವನ ದನಿ ಸಣ್ಣದಾಗಿತ್ತು. ವೇಗೋತ್ಕರ್ಷ, ಸಂವೇಗ ಅಂತ ಕಲಿತಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಮತ್ತೆ ಹುಡುಕಿಕೊಳ್ಳಬೇಕಿತ್ತು. ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಎರಡನೇ ವರ್ಷ ಅಮೆರಿಕದ ಕಾಲೇಜುಗಳಿಗೆ ಅರ್ಜಿ. ನಮ್ಮ ಕಾಲೇಜಿನಿಂದ ಹೋಗುವವರಿಗೆ ಡೇವಿಸ್ ಅನ್ನುವ ಸ್ಕಾಲರ್‌ಶಿಪ್ ಯೋಜನೆ ಇದೆ. 2000ದಲ್ಲಿ ಶುರುವಾಗಿದ್ದು. ಅದರಲ್ಲಿ ಸೇರಿದ ಕಾಲೇಜುಗಳಿಗೆ ಆಯ್ಕೆಯಾದರೆ ಮನೆಯ ಸ್ಥಿತಿ ನೋಡಿ ನೆರವು ಸಿಗುತ್ತದೆ. ಅದಿಲ್ಲದಿದ್ದರೆ ನಾನು ಈ ದಾರಿಯನ್ನು ಯೋಚಿಸುವ ಹಾಗೂ ಇರಲಿಲ್ಲ. ಕಾಮನ್ ಆ್ಯಪ್ ಅನ್ನುವ ಒಂದೇ ಆನ್‌ಲೈನ್ ಅರ್ಜಿ ಹಲವು ಕಾಲೇಜುಗಳಿಗೆ ಹೋಗುತ್ತದೆ. ಆಗಸ್ಟ್ 1ಕ್ಕೆ ತೆರೆಯುತ್ತದೆ. ಬಹಳಷ್ಟು ಕಡೆ ಜನವರಿ ಮೊದಲ ವಾರದೊಳಗೆ ಕಳಿಸಬೇಕು. 650 ಪದಗಳ ಪ್ರಬಂಧ, ಹತ್ತು ಚಟುವಟಿಕೆಗಳ ಪಟ್ಟಿ, ಒಂದೊಂದರ ವಿವರಕ್ಕೆ 150 ಅಕ್ಷರ ಮಾತ್ರ.

ಚಟುವಟಿಕೆ ಅಂದಾಗ ನಾನು ಸುಮ್ನೆ ಕೂತೆ. ಬೇರೆಯವರ ಪಟ್ಟಿಯಲ್ಲಿ ಪಿಯಾನೊ, ಡಿಬೇಟ್, ರೊಬೊಟಿಕ್ಸ್. "ಊರಲ್ಲಿ ಶಾಲೆ ಮುಗಿದ ಮೇಲೆ ಏನು ಮಾಡ್ತಿದ್ದೆ?" ಅಂತ ಕೌನ್ಸೆಲರ್ ಕೇಳಿದರು. ಅಡಿಕೆ ಸುಲಿಯುತ್ತಿದ್ದೆ ಅಂದೆ. ಅದನ್ನೇ ಬರಿ ಅಂದರು. ಮನೆಯ ಜವಾಬ್ದಾರಿ ಅಂತ ಪಟ್ಟಿಯಲ್ಲೇ ಒಂದು ಬಗೆ ಇದೆಯಂತೆ. ಮೆಟ್ಟುಗತ್ತಿ, ರಾತ್ರಿ ಹತ್ತರವರೆಗೆ ಕೂರುವುದು, ಚೊಗರು ಹತ್ತಿ ವಾರಗಟ್ಟಲೆ ಕಪ್ಪಾಗಿರುವ ಬೆರಳು. ಇದೆಲ್ಲ 150 ಅಕ್ಷರದಲ್ಲಿ ಹೇಗೆ ಹಿಡಿಸುತ್ತದೆ? ಬೆರಳನ್ನು ಇಟ್ಟುಕೊಂಡೆ, ಉಳಿದದ್ದು ಬಿಟ್ಟೆ.

ನಿಜವಾದ ಕಷ್ಟ ಅಂಕಪಟ್ಟಿಯದ್ದು. ಅಮೆರಿಕದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಲೆಕ್ಕ ಬೇಕು. ಎಸ್ಸೆಸ್ಸೆಲ್ಸಿ ಕಾರ್ಡ್ ಇತ್ತು. ಅದನ್ನು ನೋಡಿದ ಕೌನ್ಸೆಲರ್ ಕೇಳಿದ ಮೊದಲ ಪ್ರಶ್ನೆ, 625 ಯಾಕೆ, 600 ಯಾಕಲ್ಲ? ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು ಅಂದೆ. "ಅಂದರೆ ನಿಮ್ಮಲ್ಲಿ ಕನ್ನಡದ ತೂಕ ಎಲ್ಲಕ್ಕಿಂತ ಜಾಸ್ತಿ" ಅಂತ ಬರೆದುಕೊಂಡರು. ಹತ್ತು ವರ್ಷ ಓದಿದರೂ ನಾನು ಅದನ್ನು ಹಾಗೆ ನೋಡಿರಲಿಲ್ಲ.

ಉಳಿದದ್ದು ಒಂಬತ್ತನೇ ಕ್ಲಾಸು. ಅದು ಕೊರೊನಾ ವರ್ಷ. ಶಾಲೆ ಬಾಗಿಲು ಹಾಕಿತ್ತು. 2020ರ ಆಗಸ್ಟ್‌ನಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಬಂದು ಪಾಠ ಮಾಡುವ ವಿದ್ಯಾಗಮ ಅಂತ ಶುರುವಾಯಿತು, ಅಕ್ಟೋಬರ್‌ನಲ್ಲಿ ನಿಂತಿತು. ಅಷ್ಟು ದಿನ ನಮ್ಮ ಶಾಲೆ ನಡೆದದ್ದು ದೇವಸ್ಥಾನದ ಪೌಳಿಯಲ್ಲಿ. ಅಕ್ಕೋರು ಮಳೆಯಲ್ಲಿ ಸ್ಕೂಟಿ ಮೇಲೆ ಬರುತ್ತಿದ್ದರು. ರೇನ್‌ಕೋಟ್ ಬಿಚ್ಚಿ ಕಂಬಕ್ಕೆ ನೇತುಹಾಕಿ, ಅದರಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಪಾಠ ಶುರುಮಾಡುತ್ತಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಒಂದರಿಂದ ಒಂಬತ್ತರವರೆಗೆ ವಾರ್ಷಿಕ ಪರೀಕ್ಷೆ ಇಲ್ಲದೇ ಎಲ್ಲರೂ ಪಾಸು ಅಂತ ಸರ್ಕಾರ ಹೇಳಿತು. ಆ ಅಡ್ಡಗೆರೆ ಅದೇ.

ಅಂಕಪಟ್ಟಿಯ ಜೊತೆ ಶಾಲೆಯ ಪರಿಚಯದ ಹಾಳೆಯೂ ಹೋಗುತ್ತದೆ. ಯಾವ ಬೋರ್ಡು, ಹೇಗೆ ಅಂಕ ಕೊಡುತ್ತಾರೆ, ಏನೇನು ಸೌಲಭ್ಯ ಅಂತ. ದೊಡ್ಡ ಶಾಲೆಗಳಲ್ಲಿ ಅದು ಅಚ್ಚಾಗಿಯೇ ಇರುತ್ತದೆ. ನಮ್ಮಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಹಾಗಾಗಿ ನಾನೇ ಬರೆದೆ. ಹೆಡ್ಮಾಸ್ತರು ಓದಿ ಸಹಿ ಹಾಕಿ ಸೀಲು ಒತ್ತಬೇಕಿತ್ತು. ಆ ಬೆಳಿಗ್ಗೆ ಅಪ್ಪ ಅದರ ಪ್ರಿಂಟ್ ಒಯ್ದಿದ್ದ.

ಅವರು ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು. ಫೋನಿನಲ್ಲಿ ನನಗೆ ಅವರ ತಲೆ ಮಾತ್ರ ಕಾಣುತ್ತಿತ್ತು. ಒಂದು ಕಡೆ ಬೆರಳು ನಿಂತಿತು.

"ಪ್ರಯೋಗಾಲಯ ಇಲ್ಲ ಅಂತ ಬರೆದಿದ್ದೀಯಲ್ಲ?"

"ಹೌದು ಸರ್, ಇಲ್ವಲ್ಲ."

"ರೂಮಿಲ್ಲ ತಂಗಿ. ಬೀರು ಇದೆಯಲ್ಲ."

ಎದ್ದು ಹೋಗಿ ಬೀರು ತೆಗೆದರು. ಅಪ್ಪ ಫೋನ್ ತಿರುಗಿಸಿದ. ಮೇಲಿನ ಅರೆಯಲ್ಲಿ ಪ್ರನಾಳಗಳು, ಒಂದು ಗಾಜಿನ ಅಶ್ರಗ (ಪ್ರಿಸಮ್), ಲಿಟ್ಮಸ್ ಕಾಗದದ ಡಬ್ಬಿ. ಕೆಳಗೆ ನಾವು ಹತ್ತನೇ ಕ್ಲಾಸಿನಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆ, ಹಾಗೇ ಇತ್ತು. ಆ ತಂತಿಗೆ ಬ್ಯಾಟರಿ ಜೋಡಿಸಿದಾಗ ಗುಂಡುಪಿನ್ನು ಎದ್ದು ಅಂಟಿಕೊಂಡಿದ್ದು ನೆನಪಾಯಿತು. ಫಿಸಿಕ್ಸ್ ಓದಬೇಕು ಅಂತ ಅನಿಸಿದ್ದು ಅವತ್ತೇ. ಬೆಲೆಬಾಳುವ ಉಪಕರಣಗಳ ಲ್ಯಾಬ್‌ನಲ್ಲಿ ಒಂದೂಕಾಲು ವರ್ಷ ಕಳೆದವಳು ಆ ಬೀರುವನ್ನು "ಇಲ್ಲ" ಅಂತ ಬರೆದಿದ್ದೆ. ಕಣ್ಣು ತುಂಬಿತು. ಅಪ್ಪನಿಗೆ ಕಾಣಬಾರದು ಅಂತ ಫೋನ್ ಆಚೆ ತಿರುಗಿಸಿದೆ.

ತಪ್ಪಾಯ್ತು ಸರ್, ತಿದ್ದಿ ಕಳಿಸ್ತೇನೆ ಅಂದೆ. ಸೋಮವಾರ ಸಾಕು ಅಂದರು.

ಹೊಸ ಹಾಳೆಯಲ್ಲಿ ಹೀಗೆ ಬರೆದೆ: ಪ್ರತ್ಯೇಕ ಕೋಣೆ ಇಲ್ಲ, ಒಂದು ಬೀರು ಇದೆ, ವಿಜ್ಞಾನದ ಎಲ್ಲ ಪ್ರಯೋಗಗಳೂ ಅದರಿಂದಲೇ ನಡೆಯುತ್ತವೆ. ಒಂಬತ್ತನೇ ಕ್ಲಾಸಿನ ಗೆರೆಯ ಬಗ್ಗೆ, ಕೊರೊನಾ ಕುರಿತು ಬರೆಯಲು ಅರ್ಜಿಯಲ್ಲೇ ಇದ್ದ 250 ಪದಗಳ ಜಾಗದಲ್ಲಿ ಪೌಳಿಯನ್ನೂ ಕಂಬದ ಮೇಲಿನ ರೇನ್‌ಕೋಟನ್ನೂ ಬರೆದೆ. ಅಂಕವಹಿಯ ಅನುವಾದದಲ್ಲಿ ಗೆರೆಯನ್ನು ಗೆರೆಯಾಗಿಯೇ ಬಿಟ್ಟೆ.

ಎಂಟು ಕಾಲೇಜಿಗೆ ಹಾಕಿದ್ದೆ. ಮಾರ್ಚ್ ಕೊನೆಯ ಹೊತ್ತಿಗೆ ಐದು ಕಡೆ ಇಲ್ಲ ಅಂದರು, ಒಂದು ಕಡೆ ಕಾಯುವ ಪಟ್ಟಿ, ಎರಡು ಕಡೆ ಬಾ ಅಂದರು. ಅವುಗಳಲ್ಲಿ ಡೇವಿಸ್ ನೆರವು ಇದ್ದ ಒಂದಕ್ಕೆ ಈಗ ಸೇರಿದ್ದೇನೆ, ಫಿಸಿಕ್ಸ್‌ಗೆ.

ರಜೆಗೆ ಊರಿಗೆ ಹೋದಾಗ ಹೆಡ್ಮಾಸ್ತರನ್ನು ನೋಡಲು ಹೋಗಿದ್ದೆ. ಆ ಪರಿಚಯದ ಹಾಳೆಯ ಜೆರಾಕ್ಸ್ ಬೀರುವಿನ ಬಾಗಿಲ ಒಳಗಡೆ ಅಂಟಿಸಿಟ್ಟಿದ್ದರು. "ಕನ್ನಡದಲ್ಲೂ ಒಂದು ಬರೆದುಕೊಡು ತಂಗಿ, ಮಕ್ಕಳು ಓದ್ಲಿ" ಅಂದರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದುಕೊಟ್ಟೆ.