ಸ್ಟೆಬಿಲೈಜರ್ ಬಾರ್ ಸಡಿಲಾಗಿದೆಯಾ? ಒಂದೇ ಚಕ್ರ ಎತ್ತಿ ನೋಡಬೇಡಿ

ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗುವಾಗ ಮುಂದಿನ ಚಕ್ರದ ಹತ್ತಿರ ‘ಕಟಕಟ’ ಸದ್ದು. ಅದೇ ಕಾರು ಚಿತ್ರದುರ್ಗ ದಾಟಿ ದಾವಣಗೆರೆ ಹೈವೇ ಹಿಡಿದರೆ ಸದ್ದೇ ಇಲ್ಲ. ಇಂಥ ಸದ್ದಿಗೆ ‘ಶಾಕ್ ಹೋಗಿದೆ’ ಅಂತ ಜೋಡಿ ಶಾಕ್ ಅಬ್ಸಾರ್ಬರ್ ಬದಲಿಸಿಕೊಂಡು, ಆಮೇಲೂ ಕಟಕಟ ಕೇಳುತ್ತಲೇ ಓಡಾಡುವವರು ಬಹಳ. ಮೊದಲು ನೋಡಬೇಕಾದ್ದು ಸ್ಟೆಬಿಲೈಜರ್ ಬಾರ್‌ನ ಲಿಂಕ್ ರಾಡ್ ಮತ್ತು ಬುಷ್.

ಈ ಬಾರ್ ಅಂದರೆ ಸ್ಪ್ರಿಂಗ್ ಉಕ್ಕಿನ ಉದ್ದ ಸರಳು. ಕಾರಿನ ಅಡ್ಡಕ್ಕೆ ಮಲಗಿ, ಎರಡು ತುದಿಯಲ್ಲೂ ಚಕ್ರದ ಕಡೆಗೆ ಬಾಗಿರುತ್ತದೆ. ನಡುಭಾಗ ಎರಡು ರಬ್ಬರ್ ಬುಷ್‌ಗಳೊಳಗೆ ಕೂತು ಕ್ಲ್ಯಾಂಪಿನಿಂದ ಸಬ್‌ಫ್ರೇಮಿಗೆ, ಅಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಬಿಗಿದಿರುತ್ತದೆ. ತುದಿಗಳು ಲಿಂಕ್ ರಾಡ್ ಅನ್ನುವ ಗಿಡ್ಡ ಸರಳಿನ ಮೂಲಕ ಸ್ಟ್ರಟ್‌ಗೋ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಲೋಯರ್ ಆರ್ಮಿಗೋ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಸೇರುತ್ತವೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಬಾರ್ ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಅದಕ್ಕೆ ಕೆಲಸವಿಲ್ಲ. ಒಂದು ಎದ್ದು ಇನ್ನೊಂದು ಇಳಿದಾಗ ಮಾತ್ರ, ಒದ್ದೆ ಪಂಚೆ ಹಿಂಡಿದ ಹಾಗೆ, ಉದ್ದಕ್ಕೂ ತಿರುಚಿಕೊಳ್ಳುತ್ತದೆ. ಆ ತಿರುಚಿಗೆ ಉಕ್ಕು ತೋರುವ ಪ್ರತಿರೋಧವೇ ತಿರುವಿನಲ್ಲಿ ಕಾರು ಒಂದು ಕಡೆ ವಾಲದಂತೆ ತಡೆಯುವುದು. ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ: 20 ಮಿ.ಮೀ. ಬದಲು 22 ಮಿ.ಮೀ. ಬಾರ್ ಹಾಕಿದರೆ ಸುಮಾರು 46% ಹೆಚ್ಚು ಗಡುಸು. ದಪ್ಪ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಒಂದು ಚಕ್ರದ ಗುಂಡಿಯ ಹೊಡೆತ ಇನ್ನೊಂದಕ್ಕೂ ದಾಟುತ್ತದೆ, ನಮ್ಮ ಹಳ್ಳಿ ರಸ್ತೆಯಲ್ಲಿ ಅದು ಸೊಂಟಕ್ಕೆ ಗೊತ್ತಾಗುತ್ತದೆ.

ಸದ್ದು ಎಲ್ಲಿಯದು ಅಂತ ಹಿಡಿಯುವ ದಾರಿ ಇದೇ ತತ್ವದಲ್ಲಿದೆ. ಖಾಲಿ ರಸ್ತೆಯಲ್ಲಿ ಒಂದು ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ ನಿಧಾನಕ್ಕೆ ದಾಟಿ. ಅದೇ ಹಂಪನ್ನು ಓರೆಯಾಗಿ, ಒಂದಾದ ಮೇಲೆ ಒಂದು ಚಕ್ರ ಹತ್ತುವಂತೆ ಇನ್ನೊಮ್ಮೆ ದಾಟಿ. ನೇರ ಹೋದಾಗ ಸುಮ್ಮನಿದ್ದು ಓರೆಯಲ್ಲಿ ಮಾತ್ರ ಕಟ್ ಅಂದರೆ ಅನುಮಾನ ಲಿಂಕ್ ಮೇಲೆಯೇ. ಬ್ರೇಕನ್ನು ಮೆಲ್ಲಗೆ ಒತ್ತಿದ ಕೂಡಲೇ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸದ್ದಾದರೆ ಸ್ಟ್ರಟ್ ಮೇಲಿನ ಮೌಂಟ್ ನೋಡಿ.

ಕೈಯಿಂದ ನೋಡುವಾಗ ಆಗುವ ದೊಡ್ಡ ತಪ್ಪು ಒಂದೇ ಚಕ್ರಕ್ಕೆ ಜಾಕ್ ಕೊಡುವುದು. ಆ ಚಕ್ರ ಜೋತುಬಿದ್ದು ಇನ್ನೊಂದು ನೆಲದ ಮೇಲಿದ್ದರೆ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಸವೆದ ಜಾಯಿಂಟ್ ಕೂಡ ಗಟ್ಟಿ ಅನ್ನಿಸುತ್ತದೆ, ‘ಪ್ಲೇ (ಸಡಿಲ) ಇಲ್ಲ’ ಅಂತ ತೀರ್ಮಾನವೂ ಆಗಿಬಿಡುತ್ತದೆ. ಎರಡೂ ಚಕ್ರ ಸಮವಾಗಿರಬೇಕು. ಪಿಟ್ ಮೇಲೆ ನಿಲ್ಲಿಸಿ ನೋಡುವುದು ಸುಲಭ. ಪಿಟ್ ಇಲ್ಲದಿದ್ದರೆ ಸಮ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಕಡೆ ಜಾಕಿನಿಂದ ಎತ್ತಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ.

ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದಿನಿಂದ ಕೈ ಒಳಗೆ ಹೋಗುತ್ತದೆ. ಲಿಂಕ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಜಾಯಿಂಟ್ ಮೇಲಿಟ್ಟು, ಮೇಲಕ್ಕೂ ಕೆಳಕ್ಕೂ ಝಾಡಿಸಿ. ಲಿಂಕ್ ತನ್ನಷ್ಟಕ್ಕೆ ಸ್ವಲ್ಪ ಹೊರಳಿದರೆ ತೊಂದರೆಯಿಲ್ಲ, ಬಾಲ್ ಜಾಯಿಂಟ್ ಇರುವುದೇ ಹಾಗೆ. ಟಕ್ ಅಂತ ಬೆರಳಿಗೆ ತಟ್ಟಿದರೆ ಹೋಗಿದೆ. ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಂದಿದ್ದರೆ ಇವತ್ತು ಸದ್ದಿಲ್ಲದಿದ್ದರೂ ಹೆಚ್ಚು ದಿನ ಬಾಳದು. ಗದ್ದೆ ಕಡೆಯ ಕರಿಮಣ್ಣಿನ ಕೆಸರು ಒಳಹೊಕ್ಕು ಒಣಗಿದರೆ ಅರದ ಹಾಗೆ ತೇಯುತ್ತದೆ. ಆಮೇಲೆ ಬುಷ್ ಪಕ್ಕದಲ್ಲಿ ಬಾರನ್ನೇ ಹಿಡಿದು ಅಲ್ಲಾಡಿಸಿ. ಬುಷ್‌ಗೂ ಬಾರ್‌ಗೂ ನಡುವೆ ಸಂದು, ಆ ಜಾಗದಲ್ಲಿ ಉಕ್ಕು ತೇದು ಹೊಳೆಯುವುದು, ಬಾರ್ ಒಂದು ಪಕ್ಕಕ್ಕೆ ಸರಿದಿರುವುದು, ಇವೆಲ್ಲ ಸವೆತದ ಗುರುತು. ಬುಷ್‌ನ ಸದ್ದು ಕಟಕಟಕ್ಕಿಂತ ‘ಕಿರ್ರ್’ ಅನ್ನುವ ಜಾತಿಯದು. ಅದಕ್ಕೆ ಸಾದಾ ಗ್ರೀಸ್ ಬಳಿಯಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಲಿಂಕ್ ಮುರಿದರೂ ಸ್ಟೀರಿಂಗ್ ಕೈಬಿಡುವುದಿಲ್ಲ, ಕಾರು ಹೆಚ್ಚು ವಾಲುತ್ತದೆ ಅಷ್ಟೆ. ಆದರೆ ಮುರಿದ ತುದಿ ಟೈರಿಗೋ ಬ್ರೇಕ್ ಹೋಸಿಗೋ ತಾಗಬಹುದು, ಹಾಗೇ ಓಡಿಸಬಾರದು. ಹಳೆಯ ಮಾರುತಿ 800ರ ಲೆಕ್ಕವೇ ಬೇರೆ: ಅದರಲ್ಲಿ ಬಾರ್‌ನ ತುದಿ ನೇರವಾಗಿ ಲೋಯರ್ ಆರ್ಮಿಗೆ ಹೋಗಿ, ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಬುಷ್ ಹೋದರೆ ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯಬಹುದು, ಮುಂದೂಡಬೇಡಿ.

ಲಿಂಕ್ ಬದಲಿಸುವಾಗ ನಟ್ ಜೊತೆ ಬೋಲ್ಟೂ ಸುತ್ತುವುದು ಮಾಮೂಲು. ಎಳೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಡಿ. ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಕೂರುವ ಆರು ಮೂಲೆಯ ತೂತು ಇದ್ದರೆ, ಕೀ ಹಾಕಿ ಬೋಲ್ಟನ್ನು ಹಿಡಿದು ನಟ್ ತಿರುಗಿಸಿ. ಎರಡೂ ಬದಿ ಒಟ್ಟಿಗೆ ಬದಲಿಸಿ, ಲಾಕ್ ನಟ್ ಹೊಸದೇ ಇರಲಿ, ಬಿಗಿ ಎಷ್ಟು ಅನ್ನುವುದಕ್ಕೆ ಆ ಮಾಡೆಲ್‌ನ ಸರ್ವಿಸ್ ಮ್ಯಾನುವಲ್ ನೋಡಿ. ಬುಷ್ ಬಿಚ್ಚುವ ಮುಂಚೆ ಅದರ ಸೀಳು ಯಾವ ಕಡೆಗಿದೆ ಅಂತ ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಅಂಗಡಿಗೆ ಹೋಗುವಾಗ ಬರೀ ಕಾರಿನ ಹೆಸರು ಹೇಳಿದರೆ ಸಾಲದು: ಒಂದೇ ಮಾಡೆಲ್‌ನಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ಬಾರ್ ದಪ್ಪ ಬೇರೆ ಇರಬಹುದು. ವರ್ನಿಯರ್‌ನಲ್ಲಿ ಬಾರ್ ಅಳೆದುಕೊಂಡೇ ಹೋಗಿ. 22 ಮಿ.ಮೀ. ಬಾರ್‌ಗೆ 24ರ ಬುಷ್ ಹಾಕಿದರೆ ಗ್ಯಾರೇಜ್ ಗೇಟು ದಾಟುವ ಮುಂಚೆಯೇ ಸದ್ದು ವಾಪಸ್ ಬಂದಿರುತ್ತದೆ.