ತುರುಬು ನೋಡಿ, ಕಿಲುಬು ನೋಡಿ

ರೋಮನ್ ರಾಣಿಯರ ಮುಖವಿರುವ ಪ್ರಾಂತೀಯ ನಾಣ್ಯಗಳನ್ನು ಗುರುತಿಸುವುದು, ಕಾಪಾಡುವುದು ಹೇಗೆ ಎಂಬುದೇ ಇಲ್ಲಿನ ಮಾತು. ರೋಮನ್ ನಾಣ್ಯ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಚಿತ್ರದುರ್ಗದ ಚಂದ್ರವಳ್ಳಿ. ಅಲ್ಲಿ ಸಿಕ್ಕಿದ್ದು ಅಗಸ್ಟಸ್, ಟಿಬೇರಿಯಸ್ ಕಾಲದ ಬೆಳ್ಳಿ ದಿನಾರಿಗಳು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ಟಿಬೇರಿಯಸ್ ದಿನಾರಿಯ ಹಿಂಬದಿಯಲ್ಲಿ ಕೂತಿರುವ ಹೆಂಗಸು ಅವನ ತಾಯಿ ಲಿವಿಯಾ ಎಂದು ಬಹಳ ಜನ ಹೇಳುತ್ತಾರೆ. ಆದರೆ ಅಲ್ಲಿ ಅವಳ ಹೆಸರಿಲ್ಲ. ಹೆಸರು ಕೆತ್ತಿ, ಮುಖ ತೋರಿಸಿ, ರಾಣಿಯರನ್ನು ಧಾರಾಳವಾಗಿ ಅಚ್ಚು ಹಾಕಿದ್ದು ಅಲೆಕ್ಸಾಂಡ್ರಿಯಾ, ಎಫೆಸಸ್, ಮಾರ್ಸಿಯಾನೊಪೊಲಿಸ್‌ನಂಥ ಪ್ರಾಂತೀಯ ಟಂಕಸಾಲೆಗಳು. ಅವುಗಳ ನಾಣ್ಯ ಬಹುಮಟ್ಟಿಗೆ ಆಯಾ ಊರಿನ ಸಂತೆಯಲ್ಲಿ ಓಡಾಡಿದ ಕಂಚಿನ ಚಿಲ್ಲರೆ. ಕಡಲು ದಾಟಿ ಮೆಣಸು ಕೊಳ್ಳಲು ಬಂದ ದುಡ್ಡಲ್ಲ. ಹಾಗಾಗಿ 'ಅಡಿಕೆ ತೋಟದಲ್ಲಿ ಕಪ್ಪು (ಬಸಿಗಾಲುವೆ) ಹೊಡೆಯುವಾಗ ಸಿಕ್ಕಿತು' ಎಂದು ಯಾರಾದರೂ ಇಂಥ ಕಂಚಿನ ನಾಣ್ಯ ತೋರಿಸಿದರೆ ನಂಬುವ ಮೊದಲು ಎರಡು ಸಲ ಯೋಚಿಸಿ. ನಿಜಕ್ಕೂ ನೆಲದಲ್ಲಿ ಸಿಕ್ಕಿದ್ದಾದರೆ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು, ಕೊಳ್ಳುವ ಮಾತೇ ಇಲ್ಲ.

ರೋಮ್ ಟಂಕಸಾಲೆಯ ನಾಣ್ಯ ಬಿಟ್ಟು ಇವುಗಳ ಹಿಂದೆ ಬೀಳಲು ಒಳ್ಳೆಯ ಕಾರಣವಿದೆ. ಮೂರನೇ ಗೋರ್ಡಿಯನ್‌ನ ಹೆಂಡತಿ ಟ್ರಾಂಕ್ವಿಲ್ಲಿನಾಳ ರೋಮ್ ನಾಣ್ಯ ಅತಿ ವಿರಳ, ಬೆಲೆ ಕೇಳುವುದೂ ಬೇಡ. ಅದೇ ಮೆಸೊಪೊಟೇಮಿಯಾದ ಸಿಂಗಾರಾ ಊರಿನ ದೊಡ್ಡ ಕಂಚಿನ ನಾಣ್ಯದಲ್ಲಿ ಗಂಡ ಹೆಂಡತಿ ಮುಖಾಮುಖಿ ಇದ್ದಾರೆ. ಹಿಂದೆ ಬಂಡೆಯ ಮೇಲೆ ಕೂತ ನಗರದೇವತೆ, ಅವಳ ತಲೆಯ ಮೇಲೆ ಬಿಲ್ಲು ಹಿಡಿದ ಧನು ರಾಶಿ. ಇದು ಸಾಮಾನ್ಯ ಸಂಗ್ರಾಹಕನ ಕೈಗೂ ಎಟುಕುತ್ತದೆ. 253ರಲ್ಲಿ ಕೆಲವೇ ತಿಂಗಳು ಆಳಿದ ಎಮಿಲಿಯನ್‌ನ ಹೆಂಡತಿ ಕಾರ್ನೀಲಿಯಾ ಸುಪೆರಾಳನ್ನಂತೂ ನಾವು ಬಲ್ಲದ್ದೇ ನಾಣ್ಯಗಳಿಂದ. ಪೇರಿಯಂ ಊರು ಅವಳ ಹೆಸರಲ್ಲಿ ಅಚ್ಚು ಹಾಕಿತ್ತು.

ಗುರುತು ಹಿಡಿಯಲು ಹೆಸರನ್ನೊಂದೇ ನಂಬಬೇಡಿ. ಅಕ್ಷರ ಇರುವುದು ಅಂಚಿನಲ್ಲಿ, ಮೊದಲು ಸವೆಯುವುದೂ ಅಂಚೇ. ಉಳಿದರೂ 'ಇಊಲಿಯಾ' (ಗ್ರೀಕ್ ಬರವಣಿಗೆಯಲ್ಲಿ ಜೂಲಿಯಾ) ಎನ್ನುವಷ್ಟೇ ಉಳಿದಿರುತ್ತದೆ. ಸೆವೆರನ್ ಮನೆತನದಲ್ಲಿ ಡೊಮ್ನಾ, ಮೇಸಾ, ಸೊಏಮಿಯಾಸ್, ಮಮೇಯಾ ನಾಲ್ವರೂ ಜೂಲಿಯಾಗಳೇ! ಆಗ ತುರುಬು ನೋಡಬೇಕು. ಡೊಮ್ನಾಳ ಕೂದಲು ಶಿರಸ್ತ್ರಾಣದ ಹಾಗೆ ಕಿವಿ ಮುಚ್ಚಿ ಇಳಿದು, ಹಿಂದೆ ದೊಡ್ಡ ಚಪ್ಪಟೆ ಗಂಟಾಗುತ್ತದೆ. ಮಮೇಯಾಳದ್ದು ಕತ್ತಿಗೆ ಅಂಟಿಕೊಂಡು ಇಳಿದು ಮತ್ತೆ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಹಿರಿಯ ಫೌಸ್ಟಿನಾ ಜಡೆಯನ್ನು ನೆತ್ತಿಯ ಮೇಲೆ ಸಿಂಬಿ ಸುತ್ತಿದ್ದರೆ, ಅವಳ ಮೊಮ್ಮಗಳು ಲುಸಿಲ್ಲಾಳ ಚಿಕ್ಕ ಗಂಟು ಕತ್ತಿನ ಬುಡದಲ್ಲಿದೆ. ಸಬೀನಾಳಿಗೆ ಕೆಲವು ಅಚ್ಚುಗಳಲ್ಲಿ ಬೆನ್ನಿಗಿಳಿದ ಜಡೆ. ಮೂಗು, ಗಲ್ಲ ನೋಡಿ ತೀರ್ಮಾನಿಸಲು ಹೋದರೆ ಏಮಾರುತ್ತೀರಿ. ದೂರದ ಊರಿನ ಕೆತ್ತನೆಗಾರ ರಾಣಿಯನ್ನು ಕಂಡವನಲ್ಲ, ಎಷ್ಟೋ ಸಲ ಚಕ್ರವರ್ತಿಯ ಮೂಗನ್ನೇ ಅವಳಿಗೂ ಅಂಟಿಸಿದ್ದಾನೆ.

ಸವೆದ ಅಕ್ಷರ ಓದಲು ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ, ನಾಣ್ಯವನ್ನು ನಿಧಾನ ತಿರುಗಿಸಿ. ಗ್ರೀಕ್‌ನಲ್ಲಿ ಗಂಡಸಿಗೆ 'ಸೆಬಾಸ್ತೋಸ್', ಹೆಂಗಸಿಗೆ 'ಸೆಬಾಸ್ತೆ' ಎಂಬ ಬಿರುದು. ಮೂರನೇ ಶತಮಾನದ ನಾಣ್ಯಗಳಲ್ಲಿ ಸಿಗ್ಮಾ ಅಕ್ಷರ ಇಂಗ್ಲಿಷಿನ 'ಸಿ' ತರ ಇರುತ್ತದೆ. ಹೊಸಬರು ಎಡವುವುದು ಇಲ್ಲೇ.

ಮಾರ್ಸಿಯಾನೊಪೊಲಿಸ್‌ನ ಒಂದು ನಾಣ್ಯ ಹತ್ತಿರದಿಂದ ನೋಡೋಣ. ಇಂದಿನ ಬಲ್ಗೇರಿಯಾದ ದೆವ್ನ್ಯಾ ಊರಿನದು. ಅಗಲ 26ರಿಂದ 28 ಮಿಲಿಮೀಟರ್, ತೂಕ ಹೆಚ್ಚುಕಡಿಮೆ 10ರಿಂದ 14 ಗ್ರಾಂ. ಮುಂದೆ ಗಂಡಸು ಹೆಂಗಸು ಎದುರುಬದುರು, ಸುತ್ತ 'ಆಂಟೋನಿನೋಸ್'. ಇದು ಚಕ್ರವರ್ತಿ ಕಾರಕಲ್ಲಾನೋ ಎಲಗಬಾಲಸ್ಸೋ? ಇಬ್ಬರ ಅಧಿಕೃತ ಹೆಸರೂ ಅದೇ. ಹೆಂಗಸು ಡೊಮ್ನಾ ಆದರೆ ಅದು ಕಾರಕಲ್ಲಾ ಮತ್ತು ಅವನ ತಾಯಿ. ಮೇಸಾ ಆದರೆ ಎಲಗಬಾಲಸ್ ಮತ್ತು ಅಜ್ಜಿ. ಆ ಹೆಸರೂ ಹೋಗಿದ್ದರೆ ನಾಣ್ಯ ಮಗುಚಿ. ಹಿಂಬದಿಯಲ್ಲಿ ಉಪ್ಸಿಲಾನ್, ಪೈ ಎರಡಕ್ಷರದ ನಂತರ ಬರುವುದು ರಾಜ್ಯಪಾಲನ ಹೆಸರು. ಕ್ವಿಂಟಿಲಿಯಾನಸ್ ಇದ್ದರೆ ಡೊಮ್ನಾ, ಸೆಲ್ಯೂಕಸ್ ಇದ್ದರೆ ಮೇಸಾ. ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತ 'ಇ' ಅಕ್ಷರ ಐದರ ಗುರುತು, ಅಂದರೆ ಐದು ಅಸ್ಸಾರಿಯ (ಅಲ್ಲಿನ ಕಂಚಿನ ಚಿಲ್ಲರೆ ಕಾಸು) ಬೆಲೆ. ನಡುವೆ ಮೊಳೆ ಚುಚ್ಚಿದಂಥ ಚಿಕ್ಕ ಗುಳಿ ಕಂಡರೆ ಗಾಬರಿ ಬೇಡ. ಬಿಲ್ಲೆಯನ್ನು ಅಚ್ಚಿಗೆ ಮುಂಚೆ ಸಮ ಮಾಡುವಾಗ ಉಪಕರಣ ಕೂತ ಜಾಗ ಅದು. ಬಾಲ್ಕನ್ ಮತ್ತು ಏಷ್ಯಾ ಮೈನರ್ ನಾಣ್ಯಗಳಲ್ಲಿ ಸರ್ವೇಸಾಮಾನ್ಯ.

ಅಲೆಕ್ಸಾಂಡ್ರಿಯಾದವು ಇದಕ್ಕಿಂತ ಸುಲಭ, ಇಸವಿಯೇ ಬರೆದಿರುತ್ತದೆ. ಇಂಗ್ಲಿಷಿನ 'ಎಲ್' ತರದ ಗುರುತು ವರ್ಷಕ್ಕೆ, ಮುಂದಿನ ಗ್ರೀಕ್ ಅಕ್ಷರ ಎಷ್ಟನೇ ವರ್ಷ ಎನ್ನುವುದಕ್ಕೆ. ನೀರೋ ನಾಣ್ಯದ ಹಿಂದೆ ಅವನ ಹೆಂಡತಿ ಪೊಪ್ಪಿಯಾಳ ಮುಖ, ಪಕ್ಕದಲ್ಲಿ 'ಎಲ್' ಮತ್ತು ಅಯೋಟಾ ಇದ್ದರೆ ಹತ್ತನೇ ವರ್ಷ. ಈಜಿಪ್ಟಿನ ವರ್ಷ ಆಗಸ್ಟ್ 29ಕ್ಕೆ ಶುರು. ನೀರೋ ಪಟ್ಟಕ್ಕೆ ಬಂದಿದ್ದು 54ರ ಅಕ್ಟೋಬರ್‌ನಲ್ಲಾದ್ದರಿಂದ ಮೊದಲ ವರ್ಷ ಮರು ಆಗಸ್ಟ್‌ಗೇ ಮುಗಿಯಿತು, ಹತ್ತನೆಯದು 63–64. ಪೊಪ್ಪಿಯಾಳ ಮುಖ ಬೇಕೆನ್ನುವವರಿಗೆ ಇದೇ ಅಗ್ಗದ ದಾರಿ. ಬೆಳ್ಳಿ ಕಡಿಮೆ, ತಾಮ್ರ ಹೆಚ್ಚಿನ ಮಿಶ್ರಲೋಹವಾದ್ದರಿಂದ ಬೆಳ್ಳಿಯ ಹೊಳಪನ್ನು ಮಾತ್ರ ನಿರೀಕ್ಷಿಸಬೇಡಿ.

ಮೋಸ ನಡೆಯುವುದೂ ತುರುಬಿನಲ್ಲೇ. ಸವೆದ ನಾಣ್ಯಕ್ಕೆ ಸೂಜಿ ಉಳಿಯಿಂದ ಕೂದಲು ಮರುಕೆತ್ತುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ (ಕೈ ಭೂತಗನ್ನಡಿ) ಹಿಡಿದು ನೋಡಿದರೆ ಅಚ್ಚಿನಿಂದ ಬಂದ ಕೂದಲ ಎಳೆ ಉಬ್ಬಿ, ಅಂಚು ದುಂಡಗಿರುತ್ತದೆ. ಕೆತ್ತಿದ್ದು ತಗ್ಗಾದ ಗೀರು, ಆಳ ಎಲ್ಲೆಡೆ ಒಂದೇ, ಗೀರಿನ ತಳದಲ್ಲಿ ಕಿಲುಬಿನ ಬಣ್ಣವೇ ಬೇರೆ. ಕೆನ್ನೆ ನುಣ್ಣಗೆ ಸವೆದಿದೆ, ತುರುಬು ಮಾತ್ರ ನಿನ್ನೆ ಬಾಚಿದ ಹಾಗಿದೆ ಅಂದರೆ ಅಂಥದ್ದನ್ನು ಮುಟ್ಟಬೇಡಿ. ಮರಳು ಅಂಟಿದ 'ಮರುಭೂಮಿ ಕಿಲುಬು' ಇದ್ದರೆ ಅಸಿಟೋನ್‌ನಲ್ಲಿ ಒಂದು ರಾತ್ರಿ ಮುಳುಗಿಸಿ, ಒಲೆಯಿಂದ ದೂರವಿಡಿ. ಗೋಂದಿನಲ್ಲಿ ಅಂಟಿಸಿದ ಮರಳು ಕಳಚಿ ತಳ ಸೇರುತ್ತದೆ. ಇನ್ನು ಅಂಚು: ಮೂಲ ಬಿಲ್ಲೆಯನ್ನೇ ಎರಕ ಹೊಯ್ಯುತ್ತಿದ್ದರು, ಹಾಗಾಗಿ ಒಂದು ಕಡೆ ಎರಕದ ಬಾಲದ ಗುರುತಿದ್ದರೆ ಸಹಜ. ಸುತ್ತಲೂ ಹೊಲಿಗೆಯಂತೆ ಗೆರೆ ಇದ್ದರೆ ನಕಲಿ. ಖರೀದಿಗೆ ಮುಂಚೆ ತೂಕ, ಅಗಲ ಎರಡನ್ನೂ ರೋಮನ್ ಪ್ರಾಂತೀಯ ನಾಣ್ಯಗಳ ಪಟ್ಟಿಯಿರುವ ಜಾಲತಾಣ ಆರ್‌ಪಿಸಿ ಆನ್‌ಲೈನ್‌ನಲ್ಲಿರುವ ಅದೇ ಅಚ್ಚಿನ ಮಾದರಿಗಳ ಜೊತೆ ತಾಳೆ ನೋಡಿ. ಹೊರದೇಶದಿಂದ ಕೊಂಡ ಮೇಲೆ ವಾಪಸ್ ಕಳಿಸಬಹುದು ಎಂದುಕೊಳ್ಳಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ಇಷ್ಟಾದ ಮೇಲೆ ನಮ್ಮ ಕಡೆಯ ನಿಜವಾದ ಕಷ್ಟ ಶುರು: ಮಳೆ. ಕಿಲುಬಿನಲ್ಲಿ ಎರಡು ಜಾತಿ. ಗಟ್ಟಿಯಾಗಿ, ನುಣ್ಣಗೆ, ಕಡುಹಸಿರೋ ಕಂದೋ ಇರುವುದು ನಾಣ್ಯದ ಚರ್ಮ, ಅದನ್ನು ಕಾಪಾಡಬೇಕು. ಉಗುರಿಗೆ ಪುಡಿಯಾಗಿ ಬರುವ ತಿಳಿಹಸಿರು ಬೂಷ್ಟು ರೋಗ. ಮಣ್ಣಿನ ಉಪ್ಪಿನಿಂದ ಒಳಗೆ ಕೂತ ತಾಮ್ರದ ಕ್ಲೋರೈಡ್, ತೇವ ಮತ್ತು ಗಾಳಿ ಸಿಕ್ಕಾಗ ಆಮ್ಲ ಬಿಡುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರ ತಿನ್ನುತ್ತದೆ. ಗಾಳಿಯ ತೇವ ಶೇ. 40ರ ಒಳಗಿದ್ದರೆ ಸುಮ್ಮನಿರುತ್ತದೆ, 55 ದಾಟಿದರೆ ಓಡತೊಡಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಮನೆಯೊಳಗೆ ತೇವ ಎಷ್ಟಿರುತ್ತದೆ ಎಂದು ಗೋಡೆಯ ಬೂಷ್ಟೇ ಹೇಳುತ್ತದೆ.

ವಾಟೆಹುಳಿಯಲ್ಲಿ, ಹುಣಸೆಯಲ್ಲಿ ತಾಮ್ರದ ಹಂಡೆ ತಿಕ್ಕಿದ ಹಾಗೆ ನಾಣ್ಯ ತಿಕ್ಕಿದರೆ ರಾಣಿಯ ಮುಖವೇ ಹೋಗುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವುದೂ ಬೇಡ, ಹೊಗೆ ಲೋಹಕ್ಕೆ ಒಳ್ಳೆಯದಲ್ಲ. ಮಾಡಬೇಕಾದ್ದು ಇಷ್ಟು: ಲೂಪ್ ಕೆಳಗೆ ಸೂಜಿಯಿಂದ ಪುಡಿಯನ್ನು ಗಟ್ಟಿ ಲೋಹ ಸಿಗುವವರೆಗೆ ಕೆರೆದು ತೆಗೆಯಿರಿ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 28 ಗ್ರಾಂ ಸೋಡಿಯಂ ಕಾರ್ಬೋನೇಟ್, 22 ಗ್ರಾಂ ಅಡುಗೆ ಸೋಡಾ ಕರಗಿಸಿ. ಹರಳು ರೂಪದ ವಾಷಿಂಗ್ ಸೋಡಾ ಆದರೆ ಅದರಲ್ಲಿ ನೀರೂ ಸೇರಿರುವುದರಿಂದ 28ರ ಬದಲು 75 ಗ್ರಾಂ ಬೇಕು. ಗಾಜಿನ ಬಾಟಲಿಯಲ್ಲಿ ನಾಣ್ಯ ಮುಳುಗಿಸಿ, ವಾರಕ್ಕೊಮ್ಮೆ ದ್ರಾವಣ ಬದಲಿಸುತ್ತ ಒಂದೆರಡು ತಿಂಗಳು ಬಿಡಿ. ದ್ರಾವಣ ನೀಲಿಗೆ ತಿರುಗಿದರೆ ತಾಮ್ರವೇ ಕರಗುತ್ತಿದೆ ಎಂದರ್ಥ, ಹೊರತೆಗೆಯಿರಿ. ನಂತರ ಒಂದು ವಾರ ಬರೀ ಡಿಸ್ಟಿಲ್ಡ್ ನೀರು, ದಿನವೂ ಬದಲಿಸಿ. ಕೊನೆಗೆ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ಬೇರೆ ಕಡೆಯವರು ವಾಸಿಯಾಯಿತೇ ಎಂದು ನೋಡಲು ಒದ್ದೆ ಬಟ್ಟೆಯಿಟ್ಟ ಡಬ್ಬಿಯಲ್ಲಿ ನಾಣ್ಯ ಮುಚ್ಚಿಡುತ್ತಾರೆ. ನಮಗೆ ಜುಲೈ ತಿಂಗಳ ಕಿಟಕಿಯೇ ಸಾಕು.

ಇಡುವುದಕ್ಕೆ ಪಿವಿಸಿ ಕವರ್ ಬೇಡ, ಅದರಿಂದ ಹಸಿರು ಜಿಗುಟು ಬಿಡುತ್ತದೆ. ಮೈಲಾರ್ ಕವರ್ ಆಗಬಹುದು. ಐದು ಲೀಟರಿನ ಗಾಳಿಯಾಡದ ಡಬ್ಬಿಗೆ ಕಾಲು ಕಿಲೋ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದೇ ಆಗಲಿ. ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಒಳಗೊಂದು ಚಿಕ್ಕ ತೇವಮಾಪಕ ಇರಲಿ, ಆದರೆ ಅಗ್ಗದವು ಸುಳ್ಳು ಹೇಳುತ್ತವೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಹನಿಸಿ, ಮಾಪಕದ ಜೊತೆ ಬೇರೆ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 81 ತೋರಿಸಿದರೆ ಆರು ಹೆಚ್ಚು ಓದುತ್ತದೆ ಎಂದು ಅದರ ಬೆನ್ನ ಮೇಲೆ ಬರೆದು ಅಂಟಿಸಿಬಿಡಿ.